ಹಂಪಮ್ಮತ್ತೆ ಇಳಿಸಿದ ಬೆಲ್ಲ

ಹಂಪಮ್ಮತ್ತೆ ಮಕ್ಕಳನ್ನು ಕಂಡರೆ ಮೊದಲು ಮುಖ ನೋಡುತ್ತಿರಲಿಲ್ಲ, ರಟ್ಟೆ ಹಿಡಿಯುತ್ತಿದ್ದಳು. ಹೆಬ್ಬೆರಳನ್ನೂ ನಡುಬೆರಳನ್ನೂ ಬಾಗಿಸಿ ಮೊಣಕೈ ಮೇಲೆ ಸುತ್ತಿ ಹಿಡಿದು, ಎರಡು ಬೆರಳು ಒಂದಕ್ಕೊಂದು ತಾಗುತ್ತವೆಯೋ ಇಲ್ಲವೋ ಎಂದು ನೋಡುತ್ತಿದ್ದಳು. ತಾಗಿದರೆ ಮುಗಿಯಿತು, ಆ ಮಗುವನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಏನಾದರೂ ತಿನ್ನಿಸದೆ ಬಿಡುತ್ತಿರಲಿಲ್ಲ. ನಮ್ಮ ಹಿತ್ತಿಲ ಮನೆಯಲ್ಲಿ ಬಾಡಿಗೆಗಿದ್ದ ಮಾಸ್ತರರ ಮಗನ ರಟ್ಟೆ ಹಿಡಿದು, ಅವರ ಎದುರಿಗೇ, "ಏನ್ರಿ ಮಾಸ್ತರ, ನಿಮ್ಮನ್ಯಾಗ ಒಲಿ ಹಚ್ಚೋದು ಬಿಟ್ಟೀರೇನು?" ಎಂದು ಕೇಳಿದ್ದಳು. ಮಾಸ್ತರರು ಆಮೇಲೆ ಬಹಳ ದಿನ ಅವಳ ಕಣ್ಣು ತಪ್ಪಿಸಿಯೇ ಓಡಾಡಿದರು.

ನನ್ನ ವಿಷಯದಲ್ಲಿ ಅವಳಿಗೆ ಆ ಚಿಂತೆ ಇರಲಿಲ್ಲ. ನಾನು ಹೈಸ್ಕೂಲು ಸೇರುವ ಹೊತ್ತಿಗೆ ಅವಳು ಎರಡೂ ಕೈ ಸೇರಿಸಿದರೂ ನನ್ನ ರಟ್ಟೆಯನ್ನು ಸುತ್ತುವುದು ಕಷ್ಟವಾಗಿತ್ತು. ಬಂದವರ ಮುಂದೆ ನನ್ನನ್ನು ಕರೆದು ನಿಲ್ಲಿಸಿ, "ನೋಡ್ರಿ ನನ್ನ ಅಳಿಯನ್ನ, ಕೈಗೆ ಸಿಗಂಗಿಲ್ಲ" ಎಂದು ಹೇಳಿ ನಗುತ್ತಿದ್ದಳು. ಅಷ್ಟು ಸಂತೋಷದ ನಗುವನ್ನು ನಾನು ಬೇರೆ ಯಾರ ಮುಖದಲ್ಲೂ ಕಂಡಿಲ್ಲ. ಈಗ ಯೋಚಿಸಿದರೆ ಅದೇ ನಗು ನನಗೆ ಸುಸ್ತು ತರಿಸುತ್ತದೆ.

ಅವಳು ನನ್ನ ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡ ಮೇಲೆ ಕಂಪ್ಲಿಗೆ, ತಮ್ಮನ ಮನೆಗೆ ಬಂದವಳು. ಬಂದಾಗ ಆ ಮನೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲವಂತೆ. ಆಮೇಲೆ ಕಾಲುವೆಗೆ ನೀರು ಬಂತು, ಜೋಳ ಬೆಳೆಯುತ್ತಿದ್ದ ಹೊಲ ಗದ್ದೆಯಾಯಿತು, ಗದ್ದೆಯ ಪಕ್ಕ ಕಬ್ಬು ನಿಂತಿತು, ಅಪ್ಪ ಪಾಲುದಾರರೊಂದಿಗೆ ಅಕ್ಕಿ ಗಿರಣಿ ಹಾಕಿದ. ಗಿರಣಿ ಅಪ್ಪನದಾದರೆ ಅಡುಗೆಮನೆ ಹಂಪಮ್ಮತ್ತೆಯದು. ನನ್ನ ಅವ್ವ ಜಗಳಕ್ಕೆ ನಿಲ್ಲುವ ಹೆಣ್ಣಲ್ಲ, ಒಲೆಯನ್ನು ಗಂಡನ ಅಕ್ಕನಿಗೆ ಬಿಟ್ಟುಕೊಟ್ಟು ದನಗಳ ಕಡೆ ನೋಡಿಕೊಂಡಿದ್ದಳು.

ಅತ್ತೆಯ ಪಂಕ್ತಿಯಲ್ಲಿ ಕೂತು ಎದ್ದವರಿಗೆ ಗೊತ್ತು, ಅಲ್ಲಿ "ಸಾಕು" ಎನ್ನುವ ಮಾತು ನಡೆಯುತ್ತಿರಲಿಲ್ಲ. ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಕೈ ಮೇಲೆಯೇ ಬಡಿಸುತ್ತಿದ್ದಳು. ಬಿಸಿ ಅನ್ನ, ಅದರ ಮೇಲೆ ತುಪ್ಪ, ತುಪ್ಪ ಕರಗುವುದರೊಳಗೆ ಮತ್ತೆ ಅನ್ನ. "ಸಾಕು ಅನ್ನೋದು ಬಡವ್ರ ಮಾತು ಲೇ," ಎನ್ನುತ್ತಿದ್ದಳು. "ನಿನಗ್ಯಾಕ ಆ ಮಾತು? ಇನ್ನೊಂದು ತುತ್ತು ಉಣ್ಣು." ಆ ಇನ್ನೊಂದು ತುತ್ತು ಯಾವತ್ತೂ ಒಂದೇ ಆಗಿರುತ್ತಿರಲಿಲ್ಲ. ಶಾಲೆಯಿಂದ ಬರುವಷ್ಟರಲ್ಲಿ ಉಂಡೆ ಕಾದಿರುತ್ತಿತ್ತು, ಗಾಣ ನಡೆಯುವ ದಿನಗಳಲ್ಲಿ ಬಿಸಿ ಬೆಲ್ಲ, ಅದರ ಹಿಂದೆ ಚೊಂಬಿನ ತುಂಬ ಕಬ್ಬಿನ ಹಾಲು. ನನಗೂ ಬೇಡವೆನ್ನಿಸುತ್ತಿರಲಿಲ್ಲ, ಅದನ್ನೂ ಹೇಳಬೇಕು.

ನಾನು ತಿಂಗಳು ತುಂಬದೆ ಹುಟ್ಟಿದ ಕೂಸು. ಉಳಿಯುವುದಿಲ್ಲ ಎಂದು ಸೂಲಗಿತ್ತಿ ಕೈಚೆಲ್ಲಿದ್ದಳಂತೆ. ಅವತ್ತು ಹಂಪಮ್ಮತ್ತೆ ಹೊಳೆದಂಡೆಯ ಗುಡಿಗೆ ಹೋಗಿ ಹರಕೆ ಹೊತ್ತಳು. ಹುಡುಗ ಬದುಕಿದರೆ ಅವನ ಲಗ್ನ ಆಗುವ ತನಕ ಪ್ರತಿ ಸಂಕ್ರಮಣಕ್ಕೆ ಅವನ ತೂಕದಷ್ಟು ಹೊಸ ಬೆಲ್ಲ ತೂಗಿ ದೇವರಿಗೆ ಒಪ್ಪಿಸುತ್ತೇನೆ ಎಂಬುದು ಅವಳ ಮಾತು. ಬೇರೆಯವರು ಒಂದು ಸಲ ತುಲಾಭಾರ ಮಾಡಿಸಿ ಕೈತೊಳೆದುಕೊಳ್ಳುತ್ತಾರೆ. ನಮ್ಮತ್ತೆಗೆ ಒಂದು ಸಲ ಎನ್ನುವುದು ಯಾವುದರಲ್ಲೂ ಗೊತ್ತಿರಲಿಲ್ಲ.

ಹೀಗಾಗಿ ಪ್ರತಿ ಸಂಕ್ರಮಣಕ್ಕೂ ಗಿರಣಿಯ ದೊಡ್ಡ ತಕ್ಕಡಿ ಗುಡಿಯ ಮುಂದಿನ ತೊಲೆಗೆ ನೇತುಬೀಳುತ್ತಿತ್ತು. ಒಂದು ತಟ್ಟೆಯಲ್ಲಿ ಹೊಸ ಪಂಚೆ ಉಟ್ಟು, ಕೊರಳಿಗೆ ಹೂವು ಹಾಕಿಕೊಂಡು ನಾನು. ಇನ್ನೊಂದು ತಟ್ಟೆಗೆ ಬೆಲ್ಲದ ಪೆಂಟೆಗಳು, ದೊಡ್ಡ ದೊಡ್ಡ ಅಚ್ಚುಗಳು, ಒಂದೊಂದಾಗಿ ಬೀಳುತ್ತಿದ್ದವು. ಓಣಿಯ ಮಂದಿ ಸುತ್ತ ನಿಂತು ಪೆಂಟೆ ಬಿದ್ದಾಗಲೆಲ್ಲ ಕೂಗುತ್ತಿದ್ದರು. ನನ್ನ ತಟ್ಟೆ ಮೇಲೇಳದಿದ್ದರೆ ಅತ್ತೆಗೆ ಸಡಗರವೋ ಸಡಗರ. "ತಗೊಂಬರ್ರಿ, ಇನ್ನೂ ತಗೊಂಬರ್ರಿ, ಜಲ್ದಿ!" ಒಂದು ವರ್ಷ ತಂದ ಬೆಲ್ಲ ಸಾಲದೆ ಮನೆಗೆ ಬಂಡಿ ಕಳಿಸಬೇಕಾಯಿತು. ಬಂಡಿ ಬರುವವರೆಗೆ ನಾನು ತಟ್ಟೆಯಲ್ಲೇ ಕೂತಿದ್ದೆ, ಅವಳು ನನಗೆ ಎಳ್ಳು ಬೆಲ್ಲ ತಿನ್ನಿಸುತ್ತಾ ನಿಂತಿದ್ದಳು.

ಒಂಬತ್ತನೇ ಇಯತ್ತೆಯ ಸಂಕ್ರಮಣದಲ್ಲಿ ತಕ್ಕಡಿಯ ಹಗ್ಗ ಹರಿಯಿತು. ನಾನು ಗುಡಿಯ ಕಟ್ಟೆ ಮೇಲೆ ದೊಪ್ಪನೆ ಬಿದ್ದೆ, ಪೆಂಟೆಗಳು ಉರುಳಿ ಹೋದವು, ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಂಪಮ್ಮತ್ತೆ ನಗುತ್ತಿದ್ದವರನ್ನೆಲ್ಲ ದುರುಗುಟ್ಟಿ ನೋಡಿ, "ಹಗ್ಗ ಹಳೇದಿತ್ತು, ನಗೋದೇನೈತಿ ಅದ್ರಾಗ?" ಎಂದಳು. ಮರುದಿನದಿಂದ ಶಾಲೆಯಲ್ಲಿ ವಿರುಪಾಕ್ಷಿ ಎಂಬ ನನ್ನ ಹೆಸರು ಹೋಗಿ 'ಪೆಂಟೆ' ಎಂಬುದು ಉಳಿಯಿತು. ಆಟದ ಪಿರಿಯಡ್ಡಿನಲ್ಲಿ ಓಡಲಾಗದೆ ಬೇವಿನ ಮರದ ಕೆಳಗೆ ಕೂರುತ್ತಿದ್ದೆ. ತರಗತಿಯಲ್ಲಿ ಕೂತಲ್ಲೇ ನಿದ್ದೆ ಬರುತ್ತಿತ್ತು. ಹದಿನೈದು ವರ್ಷದ ಹುಡುಗನಿಗೆ ಅಷ್ಟೊಂದು ದಣಿವು ಎಲ್ಲಿಂದ ಬರುತ್ತದೆ ಎಂದು ಯಾರೂ ಕೇಳಲಿಲ್ಲ. ಕಣ್ಣು ಬಿದ್ದಿದೆ ಎಂದು ಅತ್ತೆ ವಾರಕ್ಕೊಮ್ಮೆ ಮೆಣಸಿನಕಾಯಿ ಸುಟ್ಟು ದೃಷ್ಟಿ ತೆಗೆಯುತ್ತಿದ್ದಳು.

ಅದೇ ಕಾಲಕ್ಕೆ ನನ್ನ ಕತ್ತು ಕಪ್ಪಾಗತೊಡಗಿತು. ಕೊರಳಿನ ಹಿಂದೆ, ಮಡಿಕೆ ಬಿದ್ದಲ್ಲಿ, ಮುಟ್ಟಿದರೆ ದಪ್ಪಗೆ ಮೆತ್ತಗೆ ಸಿಗುವ ಕಪ್ಪು. ಹಂಪಮ್ಮತ್ತೆ ಅದನ್ನು ಕೊಳೆ ಎಂದೇ ತಿಳಿದಳು. ಬಚ್ಚಲಲ್ಲಿ ಕೂರಿಸಿ ಕಡಲೆಹಿಟ್ಟು ಹಚ್ಚಿ ತಿಕ್ಕಿದಳು, ನಿಂಬೆಹಣ್ಣು ಹಚ್ಚಿ ತಿಕ್ಕಿದಳು. ಹೋಗದಿದ್ದಾಗ ತೆಂಗಿನ ನಾರು ಹಿಡಿದಳು. ಚರ್ಮ ಕಿತ್ತು ರಕ್ತ ಬಂತು, ಕಪ್ಪು ಮಾತ್ರ ಹಾಗೇ ಇತ್ತು. "ಎಂಥಾ ಕೊಳಿನೋ ಇದು, ಹುಟ್ಟಿದಾಗಿಂದ ತಿಕ್ಕೇ ಇಲ್ಲೇನೋ ಅನ್ನಂಗ ಐತಿ" ಎಂದು ಗೊಣಗುತ್ತಾ ಅದೇ ಕೈಯಿಂದ ಗಾಯಕ್ಕೆ ಬೆಣ್ಣೆ ಹಚ್ಚಿದಳು.

ಬಲಗಡೆ ಪಕ್ಕೆಲುಬಿನ ಕೆಳಗೆ ಭಾರ ಭಾರ ಎನ್ನಿಸುತ್ತಿದೆ ಎಂದು ನಾನು ಹೇಳಿದಾಗ ಅವ್ವ ಮೊದಲ ಸಲ ದನಿ ಎತ್ತಿದಳು. ಹೊಸಪೇಟೆಗೆ ಕರೆದುಕೊಂಡು ಹೋಗಲೇಬೇಕು ಎಂದು ಹಟ ಹಿಡಿದಳು. ಹೋದದ್ದು ಮಾತ್ರ ಹಂಪಮ್ಮತ್ತೆಯೇ. ನನ್ನನ್ನು ಬೇರೆಯವರ ಕೈಗೆ ಒಪ್ಪಿಸಲು ಅವಳಿಗೆ ಮನಸ್ಸಿರಲಿಲ್ಲ. ಬಸ್ಸು ಬುಕ್ಕಸಾಗರ ದಾಟುವುದರೊಳಗೆ ಬುತ್ತಿ ಬಿಚ್ಚಿದ್ದಳು.

ಹೊಸಪೇಟೆಯ ಡಾಕ್ಟರು ನಿಧಾನದ ಮನುಷ್ಯ. ಹೊಟ್ಟೆ ಒತ್ತಿ ನೋಡಿ, ಕತ್ತು ನೋಡಿ, ಬಳ್ಳಾರಿಯಲ್ಲಿ ಸ್ಕ್ಯಾನಿಂಗ್ ಮಾಡಿಸಿಕೊಂಡು ಬರಲು ಹೇಳಿದರು. ಆ ಯಂತ್ರ ಆಗಷ್ಟೇ ಬಂದಿತ್ತು. ಬರಿಹೊಟ್ಟೆಯಲ್ಲಿ ಹೋಗಬೇಕು ಎಂದದ್ದೇ ಅತ್ತೆಗೆ ದೊಡ್ಡ ಅನ್ಯಾಯವಾಗಿ ಕಂಡಿತು. ಅದೆಲ್ಲ ಮುಗಿಸಿಕೊಂಡು ಮತ್ತೆ ಹೋದಾಗ ಡಾಕ್ಟರು ಸ್ಕ್ಯಾನಿಂಗಿನ ಚೀಟಿಯನ್ನು ಎರಡು ಸಲ ಓದಿ ಕೇಳಿದರು:

"ಅಮ್ಮಾ, ಇಂಥಾ ಲಿವರ್ ನಾನು ಕುಡಿಯೋರಲ್ಲಿ ನೋಡೀನಿ. ಹುಡುಗ ಏನಾರ ಕುಡೀತಾನೇನು?"

ಹಂಪಮ್ಮತ್ತೆ ಅಲ್ಲೇ ನನ್ನ ಗದ್ದ ಹಿಡಿದು ತಿರುಗಿಸಿ, "ಆ ಅನ್ನಲೇ" ಎಂದಳು. ಬಾಯಿಯ ಹತ್ತಿರ ಮೂಗು ತಂದು ಎರಡು ಸಲ ವಾಸನೆ ನೋಡಿದಳು. ಆಮೇಲೆ ಡಾಕ್ಟರ ಕಡೆ ತಿರುಗಿ, "ಮಜ್ಜಿಗಿ ವಾಸ್ನಿ ಐತ್ರಿ. ಬೇಕಾದ್ರ ನೀವೂ ನೋಡ್ರಿ" ಎಂದಳು.

ಡಾಕ್ಟರಿಗೆ ನಗು ಬಂತು, ಆದರೆ ನಗಲಿಲ್ಲ. "ಹಂಗಾದ್ರ ಇದು ಊಟದಿಂದಾನ ಬಂದದ್ದು," ಎಂದರು. "ಮೈಮ್ಯಾಗ ಕೂತ ಕೊಬ್ಬು ಕಣ್ಣಿಗೆ ಕಾಣ್ತೈತಿ, ಲಿವರಿನಾಗ ಕೂತದ್ದು ಕಾಣಂಗಿಲ್ಲ. ಕತ್ತಿನ ಮ್ಯಾಲಿಂದು ಕೊಳಿ ಅಲ್ಲಮ್ಮಾ, ತಿಕ್ಕಬ್ಯಾಡ್ರಿ. ಒಳಗ ಸಕ್ರಿ ಹದ ತಪ್ಪೈತಿ ಅಂತ ಅದು ಹೇಳಾಕತ್ತೈತಿ. ಹಿಂಗ ಬಿಟ್ರ ಲಿವರ್ ಗಟ್ಟಿ ಆಗ್ತೈತಿ, ಆಮ್ಯಾಲ ನಾನೂ ಏನೂ ಮಾಡಾಕ ಬರಂಗಿಲ್ಲ. ಈ ವಯಸ್ಸಿನಾಗ ಹಿಂದಕ್ಕ ತರಬಹುದು."

"ಗುಳಿಗಿ ಬರೀರಿ ಮತ್ತ."

"ಗುಳಿಗಿ ಇಲ್ಲಮ್ಮಾ. ಊಟ ಕಡಿಮಿ ಮಾಡ್ರಿ, ಸಿಹಿ ಬಿಡಸ್ರಿ, ದಿನಾ ನಡಸ್ರಿ."

ಹೊರಗೆ ಬಂದವಳೇ ಹಂಪಮ್ಮತ್ತೆ ಬಾಯಿಗೆ ಬಂದದ್ದು ಅಂದಳು. "ಸೂಜಿ ಇಲ್ಲ, ಗುಳಿಗಿ ಇಲ್ಲ, ಉಣಬ್ಯಾಡ ಅಂತಾನ. ಉಣಬ್ಯಾಡ ಅಂತ ಹೇಳಾಕ ಡಾಕ್ಟ್ರು ಯಾಕ ಬೇಕು, ಬರಗಾಲ ಬಂದ್ರ ಸಾಕು." ಆದರೂ ಲಿವರ್ ಎಂಬ ಮಾತು ಅವಳನ್ನು ಹೆದರಿಸಿತ್ತು. ನಮ್ಮ ಕಡೆ ಲಿವರ್ ಕೆಟ್ಟಿದೆ ಎಂದರೆ ಕಾಮಾಲೆ ಎಂದೇ ಅರ್ಥ. ಕಾಮಾಲೆಗೆ ಏನು ಮಾಡಬೇಕೆಂದು ಕಬ್ಬು ಬೆಳೆಯುವ ಊರಿನಲ್ಲಿ ಯಾರನ್ನೂ ಕೇಳಬೇಕಾಗಿಲ್ಲ. ಕಬ್ಬಿನ ಹಾಲು ಲಿವರಿಗೆ ತಂಪು ಎಂದು ನಮ್ಮ ಗಾಣದ ಆಳಿನಿಂದ ಹಿಡಿದು ಗುಡಿಯ ಪೂಜಾರಿಯವರೆಗೆ ಎಲ್ಲರೂ ನಂಬಿದ್ದರು.

ಅತ್ತೆ ಡಾಕ್ಟರ ಮಾತನ್ನೂ ತೆಗೆದುಹಾಕಲಿಲ್ಲ, ಊರ ಮಾತನ್ನೂ ಬಿಡಲಿಲ್ಲ. ತುಪ್ಪ ನಿಲ್ಲಿಸಿದಳು, ಅನ್ನ ಅರ್ಧ ಮಾಡಿದಳು, ಉಂಡೆಯ ಡಬ್ಬಿ ಎತ್ತಿಟ್ಟಳು. ಅದಕ್ಕೆ ಬದಲಾಗಿ ಮುಂಜಾನೆ ಒಂದು ಚೊಂಬು, ಸಂಜೆ ಒಂದು ಚೊಂಬು ಕಬ್ಬಿನ ಹಾಲು ಔಷಧಿಯೆಂದು ಕುಡಿಸಿದಳು. ತಾನೇ ಗಾಣಕ್ಕೆ ಹೋಗಿ ತೊಳೆದ ಕಬ್ಬು ಹಾಕಿಸಿ, ಬಿಳಿ ಬಟ್ಟೆಯಲ್ಲಿ ಸೋಸಿ, ಬಿಸಿಲಿನಲ್ಲಿ ಸೆರಗು ಮುಚ್ಚಿಕೊಂಡು ತರುತ್ತಿದ್ದಳು. ನಾನು ಕುಡಿದು ಮುಗಿಸುವ ತನಕ ಎದುರಿಗೆ ಕೂತು ಬಾಯಲ್ಲಿ ದೇವರ ಹೆಸರು ಹೇಳುತ್ತಿದ್ದಳು. ಅನ್ನ ಕಡಿಮೆಯಾದ ಹೊಟ್ಟೆಗೆ ಆ ಸಿಹಿ ಎಷ್ಟು ರುಚಿಯಾಗಿತ್ತೆಂದರೆ ನಾನು ಚೊಂಬನ್ನು ನೆಕ್ಕುತ್ತಿದ್ದೆ.

ಕೆಲವು ತಿಂಗಳು ಕಳೆದು ಮತ್ತೆ ಹೊಸಪೇಟೆಗೆ ಹೋದಾಗ ತೂಕ ಏರಿತ್ತು, ಲಿವರ್ ಇನ್ನಷ್ಟು ಊದಿತ್ತು. ಡಾಕ್ಟರು ಮೊದಲ ಸಲ ಸಿಟ್ಟಿಗೆದ್ದರು. ಏನೇನು ಕೊಡುತ್ತೀರಿ ಎಂದು ಒಂದೊಂದಾಗಿ ಕೇಳಿದರು. ಅತ್ತೆ ಎಲ್ಲ ಹೇಳಿ, ಕೊನೆಗೆ ಸ್ವಲ್ಪ ಹೆಮ್ಮೆಯಿಂದಲೇ ಕಬ್ಬಿನ ಹಾಲಿನ ಸುದ್ದಿ ಹೇಳಿದಳು. ಡಾಕ್ಟರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅವರಿಗೂ ದಣಿವಾಗಿತ್ತು ಎಂದು ಕಾಣುತ್ತದೆ.

"ಅಮ್ಮಾ, ಇದು ಕಾಮಾಲಿ ಅಲ್ಲ. ಈ ಹುಡುಗ್ಗ ಆ ಹಾಲೇ ಕೊಬ್ಬಾಗಿ ಲಿವರಿನಾಗ ಕೂಡ್ತೈತಿ. ನೀವು ಭಾಳ ಪ್ರೀತಿಯಿಂದ ಮಾಡೀರಿ, ಒಪ್ತೀನಿ. ಆದ್ರ ಇವನ ಲಿವರ್ ಕೆಡಿಸಾಕ ಹತ್ತಿದ್ದು ಅದೇ ಪ್ರೀತಿ."

ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಕರಿಯುವವನು ಕೂಗಿ ಕರೆದ, ಅತ್ತೆ ತಿರುಗಿಯೂ ನೋಡಲಿಲ್ಲ. ಕಂಪ್ಲಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ದಾರಿಯುದ್ದಕ್ಕೂ ಎರಡೂ ಕಡೆ ನಿಂತ ಹಸಿರು ಗದ್ದೆಗಳನ್ನು ನೋಡುತ್ತಾ ಬಂದಳು. ಮನೆ ಮುಟ್ಟಿದವಳು ಚೊಂಬನ್ನು ತೊಳೆದು ಅಟ್ಟದ ಮೇಲೆ ಬೋರಲು ಹಾಕಿದಳು. ಅದು ಮತ್ತೆ ಕೆಳಗೆ ಇಳಿದದ್ದನ್ನು ನಾನು ನೋಡಲಿಲ್ಲ.

ಮರುದಿನ ನಸುಕಿನಲ್ಲೇ ಎಬ್ಬಿಸಿ ಕಾಲುವೆ ಏರಿಯ ಮೇಲೆ ನಡೆಸಿಕೊಂಡು ಹೋದಳು. ಸೊರಗಿದ ಮೈಯ ಮುದುಕಿ ಮುಂದೆ ಬರಿಗಾಲಲ್ಲಿ, ನಾನು ಹಿಂದೆ ಏದುಸಿರು ಬಿಡುತ್ತಾ. ಅವಳು ಇಷ್ಟು ದಿನ ನಮಗೆಲ್ಲ ಬಡಿಸಿ ತಾನು ಏನು ಉಣ್ಣುತ್ತಿದ್ದಳು ಎಂದು ನಾವ್ಯಾರೂ ನೋಡಿರಲಿಲ್ಲ ಎಂದು ಅವಳ ಬೆನ್ನು ನೋಡಿದಾಗ ನನಗೆ ಹೊಳೆಯಿತು. "ದಣಿವಾದ್ರ ಕುಂದ್ರು," ಎನ್ನುತ್ತಿದ್ದಳು, "ತಿನ್ನಾಕ ಮಾತ್ರ ಕೇಳಬ್ಯಾಡ. ನೀ ಕೇಳಿದ್ರ ನನ್ನ ಕೈ ತಡೀದಂಗಿಲ್ಲ." ಮನೆಯಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಬೇಯಿಸಿದ ಹೆಸರುಕಾಳು. ಅನ್ನ ಹಬ್ಬಕ್ಕೆ ಮಾತ್ರ. ನನಗೊಬ್ಬನಿಗೆ ಶಿಕ್ಷೆಯಾಗಬಾರದೆಂದು ಇಡೀ ಮನೆಗೆ ಅದೇ ಊಟ ಮಾಡಿದಳು. ಗಿರಣಿ ಮಾಲೀಕನ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿ ಓಣಿಯವರು ಮೂಗು ಮುರಿದರು, ಅಪ್ಪ ತಟ್ಟೆ ದೂಡಿ ಎದ್ದು ಹೋದ. ನಾನೂ ಹಸಿವಿನಿಂದ ಅತ್ತದ್ದುಂಟು. ಒಂದು ಮಧ್ಯಾಹ್ನ ಉಗ್ರಾಣದಲ್ಲಿ ಬೆಲ್ಲದ ಮೂಟೆಗೆ ಕೈ ಹಾಕಿದಾಗ ಅತ್ತೆ ಬಂದಳು. ಬೈಯಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ತಲೆಗೆ ಕೈ ಹೊತ್ತುಕೊಂಡಳು. ಅದನ್ನು ನೋಡಿ ನಾನು ಬೆಲ್ಲವನ್ನು ಮೂಟೆಗೇ ವಾಪಸು ಹಾಕಿದೆ.

ಒಂದು ಮುಂಜಾನೆ ಏರಿಯ ಮೇಲಿನ ಸೇತುವೆ ಕಟ್ಟೆಯ ಮೇಲೆ ಕೂತಾಗ, ನಾನು ಕೇಳದೆಯೇ, ತನ್ನ ಮಗನ ಸುದ್ದಿ ಹೇಳಿದಳು. ಅವಳಿಗೊಬ್ಬ ಮಗನಿದ್ದ ಎಂಬುದೇ ನನಗೆ ಗೊತ್ತಿರಲಿಲ್ಲ.

"ಕಾಲುವಿ ಬರೋಕಿಂತ ಮುಂಚಿನ ಮಾತು. ನನ್ನ ಎದ್ಯಾಗ ಹಾಲಿರಲಿಲ್ಲ, ಮನ್ಯಾಗ ಹಿಟ್ಟಿರಲಿಲ್ಲ. ಅಂಬಲಿ ನೀರು ಕುಡ್ಸಿ ಎರಡು ವರ್ಷ ಜ್ವಾಪಾನ ಮಾಡ್ದೆ. ಅವನ ರಟ್ಟಿ ನನ್ನ ಈ ಎರಡು ಬೆರಳಿನಾಗ ಬರ್ತಿತ್ತು, ಹೋಗೋ ದಿನಾನೂ ಹಿಡ್ದು ನೋಡೀನಿ." ಬೆರಳು ಬಾಗಿಸಿ ತೋರಿಸಿದಳು. ಬೆರಳಿನ ನಡುವೆ ಏನೂ ಇರಲಿಲ್ಲ. "ಸಣ್ಣಗಿದ್ದ ಅಂತ ಅವನು ಹೋದ. ನಿನ್ನ ದಪ್ಪಗ ಮಾಡೀನಿ ಅಂತ ನೀನೂ ಹೋಗ್ತೀ ಅಂದ್ರ ನಾ ಎಲ್ಲಿಗೆ ಹೋಗ್ಲಿ ಹೇಳು."

ನಾನು ಎದ್ದು ನಡೆದೆ. ಅವತ್ತು ಅವಳಿಗಿಂತ ಮುಂದೆ ನಡೆದೆ.

ಸಂಕ್ರಮಣ ಬಂತು. ನಾನು ತೂಕದಲ್ಲಿ ಇಳಿದಿದ್ದೆ, ಕತ್ತಿನ ಕಪ್ಪೂ ತಿಳಿಯಾಗಿತ್ತು. ಅಪ್ಪನಿಗೆ ಬೇರೆಯೇ ಚಿಂತೆ. ಬೆಲ್ಲ ಕಡಿಮೆಯಾದರೆ ಗಿರಣಿ ಮುಳುಗಿದೆ ಎಂದು ಊರು ಆಡಿಕೊಳ್ಳುತ್ತದೆ ಎಂದು ಹೋದ ವರ್ಷದಷ್ಟೇ ಪೆಂಟೆಗಳನ್ನು ಬಂಡಿಗೆ ಹೇರಿಸಿದ್ದ. ತಕ್ಕಡಿ ಕಟ್ಟಿದರು, ನಾನು ಕೂತೆ. ಆಳು ಎಲ್ಲ ಪೆಂಟೆಗಳನ್ನೂ ಹಾಕಿಬಿಟ್ಟ. ಬೆಲ್ಲದ ತಟ್ಟೆ ನೆಲ ಕಚ್ಚಿತು, ನಾನು ಗಾಳಿಯಲ್ಲಿ ತೂಗಾಡಿದೆ. ಇಷ್ಟು ವರ್ಷಗಳಲ್ಲಿ ಹಾಗೆ ಎಂದೂ ಆಗಿರಲಿಲ್ಲ.

"ಇರ್ಲಿ ಬಿಡಕ್ಕ," ಎಂದ ಅಪ್ಪ ದನಿ ತಗ್ಗಿಸಿ. "ಹೆಚ್ಚಿಗಿ ಕೊಟ್ರ ದೇವ್ರು ಬ್ಯಾಡ ಅಂತಾನೇನು? ಯಾರಿಗೂ ತಿಳಿಯಂಗಿಲ್ಲ."

ಹಂಪಮ್ಮತ್ತೆ ಅವನ ಮುಖವನ್ನೂ ನೋಡಲಿಲ್ಲ. "ಹುಡುಗನ ತೂಕದಷ್ಟು ಅಂತ ಬೇಡಿಕೊಂಡಾಕಿ ನಾನು. ಸುಳ್ಳು ತೂಗಬ್ಯಾಡ. ತೆಗೀರಿ ಒಂದು" ಎಂದಳು. ಆಳು ಅಪ್ಪನ ಕಡೆ ನೋಡುತ್ತಾ ನಿಂತ. ಅವಳು ಸೆರಗು ಸಿಕ್ಕಿಸಿಕೊಂಡು ತಾನೇ ಬಗ್ಗಿ ಪೆಂಟೆಯೊಂದನ್ನು ಎತ್ತಿ ಕೆಳಗಿಟ್ಟಳು. ಮತ್ತೊಂದು ಇಟ್ಟಳು. ನಾನು ಸ್ವಲ್ಪ ಇಳಿದೆ. ಮಂದಿಯ ಮಧ್ಯದಿಂದ ಯಾರೋ ಹೆಂಗಸು, "ಅಯ್ಯ, ಹುಡುಗ ಎಷ್ಟು ಸೊರಗ್ಯಾನ, ಉಣ್ಣಾಕ ಹಾಕಂಗಿಲ್ಲೇನು ಈಕಿ?" ಎಂದಳು. ಆ ಮಾತು ಅವಳ ಕಿವಿಗೆ ಬಿತ್ತು. ಊರಿನಲ್ಲಿ ಯಾರೂ ಅವಳಿಗೆ ಎಂದೂ ಆಡದ ಮಾತು ಅದು. ಒಂದು ಗಳಿಗೆ ಅವಳ ಕೈ ಪೆಂಟೆಯ ಮೇಲೆಯೇ ನಿಂತಿತು. ಆಮೇಲೆ ಅದನ್ನೂ ಎತ್ತಿ ಕೆಳಗಿಟ್ಟಳು. ತಕ್ಕಡಿಯ ಮುಳ್ಳು ನೆಟ್ಟಗಾಯಿತು. ಕೆಳಗಿಟ್ಟ ಬೆಲ್ಲವನ್ನು ಒಂದು ಸಲ ನೋಡಿ, ನನ್ನ ಕಡೆ ತಿರುಗಿ, "ಇಳೀ ಅಳಿಯಾ" ಎಂದಳು. ಅವಳ ಕಣ್ಣು ತುಂಬಿತ್ತು. ನನಗಾಗಿ ಅವಳು ಮಾಡಿದ ಎಲ್ಲ ಅಡುಗೆಗಿಂತ ಅವತ್ತು ಅವಳು ಇಳಿಸಿದ ಆ ಬೆಲ್ಲ ದೊಡ್ಡದು ಎಂದು ನಾನು ಇವತ್ತಿಗೂ ಹೇಳುತ್ತೇನೆ.

ಹೊಸಪೇಟೆಯ ಡಾಕ್ಟರು ಮುಂದಿನ ವರ್ಷ ಹೊಟ್ಟೆ ಒತ್ತಿ ನೋಡಿ, ಲಿವರ್ ಕೈಗೆ ಸಿಗುತ್ತಿಲ್ಲ ಎಂದರು. ಅತ್ತೆ ಗಾಬರಿಯಾದಳು. ಸಿಗದಿದ್ದರೆ ಒಳ್ಳೆಯದು ಎಂದು ಅವರು ತಿಳಿಸಿ ಹೇಳಬೇಕಾಯಿತು. ನಾನು ಓದು ಮುಗಿಸಿ ಸಂಡೂರಿನ ಗಣಿಯೊಂದರಲ್ಲಿ, ಅದಿರಿನ ಲಾರಿಗಳನ್ನು ತೂಗುವ ಕಾಟಾದ ಮೇಲೆ ಕೆಲಸಕ್ಕೆ ಸೇರಿದೆ. ವರ್ಷ ವರ್ಷವೂ ತೂಗಿಸಿಕೊಂಡವನು ಈಗ ದಿನವಿಡೀ ತೂಗುತ್ತಾ ಕೂತೆ. ಲಗ್ನವಾಯಿತು, ಹರಕೆ ಮುಗಿಯಿತು. ತೂಕ ಒಮ್ಮೆ ಇಳಿದದ್ದು ಇಳಿದೇ ಇರುತ್ತದೆ ಎಂದುಕೊಳ್ಳಬೇಡಿ. ಅದು ಬಾಗಿಲ ಹೊರಗೆ ಕಾದು ಕೂತಿರುತ್ತದೆ. ಇಂದಿಗೂ ಊಟಕ್ಕೆ ಕೂತಾಗಲೆಲ್ಲ ನಾನು ನನ್ನ ಜೊತೆಗೇ ಜಗಳವಾಡಬೇಕು, ಆ ಜಗಳದಲ್ಲೇ ನನ್ನ ಅರ್ಧ ಆಯುಷ್ಯ ಸವೆದಿದೆ.

ಅತ್ತೆ ಹಾಸಿಗೆ ಹಿಡಿದಿದ್ದಾಳೆ ಎಂದು ಸುದ್ದಿ ಬಂದಾಗ ಸಂಡೂರಿನಿಂದ ಹೋದೆ. ಪಡಸಾಲೆಯ ಮಂಚದ ಮೇಲೆ ಮಲಗಿದ್ದಳು. ಕಣ್ಣು ಮಂಜಾಗಿತ್ತು. ನಾನು ಪಕ್ಕದಲ್ಲಿ ಕೂತ ಕೂಡಲೇ ಅವಳ ಕೈ ಹಾಸಿಗೆಯ ಮೇಲೆ ತಡಕಾಡಿ ನನ್ನ ರಟ್ಟೆಯನ್ನು ಹಿಡಿಯಿತು. ಬೆರಳಲ್ಲಿ ಶಕ್ತಿ ಇರಲಿಲ್ಲ, ಆದರೂ ಒತ್ತಿ ನೋಡಿದಳು.

"ಹೂಂ. ಹಿಂಗ ಇರ್ಲಿ" ಎಂದಳು.

ಅವ್ವ ಗಂಜಿಯ ಬಟ್ಟಲು ತಂದುಕೊಟ್ಟಳು. ಎರಡು ದಿನದಿಂದ ಏನೂ ತೆಗೆದುಕೊಂಡಿಲ್ಲ, ನಿನ್ನ ಕೈಯಿಂದಾದರೂ ತೆಗೆದುಕೊಳ್ಳುತ್ತಾಳೇನೋ ನೋಡು ಎಂದಳು. ಎತ್ತಿ ಒರಗಿಸಿ ಕೂರಿಸಲು ಅತ್ತೆಯ ರಟ್ಟೆಗೆ ಕೈ ಹಾಕಿದೆ. ಅದು ನನ್ನ ಎರಡು ಬೆರಳಿನೊಳಗೆ ಬಂತು. ಒಂದು ಚಮಚ ಕುಡಿದಳು. ಎರಡನೆಯದನ್ನು ತುಟಿಗೆ ತಂದಾಗ ಮುಖ ತಿರುಗಿಸಿ, "ಸಾಕು" ಎಂದಳು.

ಅವಳ ಬಾಯಿಂದ ಆ ಮಾತನ್ನು ನಾನು ಎಂದೂ ಕೇಳಿರಲಿಲ್ಲ. ನಗಿಸೋಣವೆಂದು, "ಸಾಕು ಅನ್ನೋದು ಬಡವ್ರ ಮಾತು ಅತ್ತಿ. ಇನ್ನೊಂದು ತುತ್ತು" ಎಂದೆ.

ಅವಳ ಮುಖದಲ್ಲಿ ಆ ಹಳೆಯ ನಗು ಸ್ವಲ್ಪ ಕಾಣಿಸಿತು.

"ಅಲ್ಲ ಅಳಿಯಾ," ಎಂದಳು. "ನಾನೇ ತಪ್ಪು ತಿಳಿದಿದ್ದೆ. ಅದು ಉಂಡವ್ರ ಮಾತು."

ಮತ್ತೆ ಅವಳು ಬಾಯಿ ತೆರೆಯಲಿಲ್ಲ. ನಾನು ಒತ್ತಾಯ ಮಾಡಲಿಲ್ಲ, ಬಟ್ಟಲನ್ನು ಕೆಳಗಿಟ್ಟೆ.